ಔಷಧವನ್ನು ಬಿಡುವ ವಿದ್ಯೆ

ಔಷಧವನ್ನು ಸೇವಿಸುವುದು ಒಂದು ವಿದ್ಯೆಯಾದರೆ ಅದನ್ನು ಬಿಡುವುದು ಮತ್ತೊಂದು ವಿದ್ಯೆ. ಎರಡನ್ನೂ ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಾರೆ; ಆದರೆ ನೋವು ಮಾಯವಾದ ಮನುಷ್ಯನು ಆ ಚೀಟಿಯನ್ನು ಮತ್ತೆ ಬಿಚ್ಚಿ ನೋಡುವುದು ಅಪೂರ್ವ. ಈ ಎರಡನೆಯ ವಿದ್ಯೆಯಲ್ಲಿ ನಾವು ಒಮ್ಮೆ ತಪ್ಪಿ, ಅದರ ಫಲವನ್ನು ಉಂಡು, ಮತ್ತೆ ಕಲಿತೆವು. ನಮ್ಮ ಅವಿವೇಕದ ಕಥೆಯು ವಾಚಕರಲ್ಲಿ ಒಬ್ಬರಿಗಾದರೂ ಉಪಯೋಗವಾದೀತೆಂಬ ನಂಬಿಕೆಯಿಂದ, ಸಂಕೋಚವನ್ನು ಬದಿಗಿಟ್ಟು ಇಲ್ಲಿ ನಿವೇದಿಸುತ್ತೇವೆ.

2021ನೆಯ ಇಸವಿಯ ಡಿಸೆಂಬರ್ ತಿಂಗಳು. ಆಗ ನಮಗೆ 66 ವರ್ಷ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ ಮೈಸೂರಿನ ಮನೆಯಲ್ಲಿ ಓದು ಬರಹಗಳಲ್ಲಿ ಕಾಲ ಕಳೆಯುತ್ತಿದ್ದೆವು. ಒಂದು ದಿನ ಬೆಳಿಗ್ಗೆ ಎಚ್ಚರವಾದಾಗ ಎರಡು ತೋಳುಗಳೂ ಮೇಲೇಳಲಿಲ್ಲ. ಮಗ್ಗುಲು ತಿರುಗುವುದಕ್ಕೂ ಮಂಚದ ಅಂಚನ್ನು ಹಿಡಿದು ಎಳೆದುಕೊಳ್ಳಬೇಕಾಯಿತು. ಸೊಂಟದಿಂದ ತೊಡೆಯವರೆಗೂ ಮರಗಟ್ಟಿದಂತಿತ್ತು. ಹತ್ತು ಗಂಟೆಯ ಹೊತ್ತಿಗೆ ಮೈ ಸ್ವಲ್ಪ ಸಡಿಲವಾಗುವುದು. ಮರುದಿನ ಬೆಳಿಗ್ಗೆ ಮತ್ತೆ ಅದೇ ಅವಸ್ಥೆ. ಚಳಿಯೆಂದುಕೊಂಡೆವು, ವಯಸ್ಸೆಂದುಕೊಂಡೆವು. ಎಳ್ಳೆಣ್ಣೆ ಕಾಯಿಸಿ ತಿಕ್ಕಿಸಿಕೊಂಡು, ಹಂಡೆಯ ಬಿಸಿನೀರೆಲ್ಲವನ್ನೂ ಸುರಿದುಕೊಂಡು ಒಂದು ತಿಂಗಳು ಕಳೆದೆವು. ನಲವತ್ತು ವರ್ಷ ನಮ್ಮೊಡನೆ ಸಂಸಾರ ನಡೆಸಿದಾಕೆ ಮಗುವಿಗೆ ತೊಡಿಸುವಂತೆ ಅಂಗಿಯನ್ನು ತೊಡಿಸುವಾಗ, ನಾವು ಗೋಡೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದೆವು.

ಕೊನೆಗೆ ಕೀಲುರೋಗಗಳ ತಜ್ಞೆಯೊಬ್ಬರ ಬಳಿಗೆ ಹೋದೆವು. ರಕ್ತಪರೀಕ್ಷೆಯಲ್ಲಿ ಈ.ಎಸ್.ಆರ್. ಎಂಬ ಅಳತೆಯು 72 ಆಗಿತ್ತು. ನಮ್ಮ ವಯಸ್ಸಿನವರಲ್ಲಿ ಅದು ಸುಮಾರು 30ರ ಒಳಗಿರಬೇಕು. ಇಂಥ ನೋವನ್ನು ತರುವ ಬೇರೆ ರೋಗಗಳಿಲ್ಲವೆಂದು ಪರೀಕ್ಷಿಸಿ ನೋಡಿದ ಮೇಲೆ, ಇದು ಪಾಲಿಮಯಾಲ್ಜಿಯಾ ರುಮಾಟಿಕಾ ಎಂದರು. ಬಹುಮಟ್ಟಿಗೆ 50 ವರ್ಷ ದಾಟಿದವರಿಗೆ ಬರುವ ಉರಿಯೂತದ ವ್ಯಾಧಿ ಇದು. 1888ರಲ್ಲಿ ವಿಲಿಯಂ ಬ್ರೂಸ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇದನ್ನು ಮೊದಲು ವರ್ಣಿಸಿದನಂತೆ. ಈಗಿನ ಹೆಸರು ಬಂದದ್ದು 1957ರಲ್ಲಿ. ಮೂಲಕಾರಣವು ಇನ್ನೂ ಸ್ಪಷ್ಟವಾಗಿಲ್ಲವಾದರೂ ಇದಕ್ಕೆ ಔಷಧವುಂಟು. ಅದೇ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡು.

ದಿನಕ್ಕೆ 15 ಮಿಲಿಗ್ರಾಂ, ಬೆಳಿಗ್ಗೆ ತಿಂಡಿಯ ಮೇಲೆ. ಮೂರನೆಯ ದಿನ ನಾವೇ ಕೈಯೆತ್ತಿ ತಲೆ ಬಾಚಿಕೊಂಡೆವು. ನಾಲ್ಕನೆಯ ದಿನ ಅಟ್ಟದ ಮೇಲಿನ ಪುಸ್ತಕದ ಕಟ್ಟನ್ನು ಇಳಿಸಿದೆವು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು, ಕೀಲುವಾತದಿಂದ ಜಡವಾಗಿದ್ದ ಸ್ತ್ರೀಯೊಬ್ಬಳಿಗೆ ಈ ವರ್ಗದ ಮೊದಲ ಔಷಧವಾದ ಕಾರ್ಟಿಸೋನನ್ನು ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳೆಂದು ಓದಿದ್ದೆವು. 1950ರಲ್ಲಿ ಅವರಿಗೂ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಎಂಬ ಇಬ್ಬರು ರಸಾಯನವಿದರಿಗೂ ನೊಬೆಲ್ ಪಾರಿತೋಷಕ ಸಂದಿತು. ಆ ಸ್ತ್ರೀಯ ಸಂತೋಷವು ಎಂಥದೆಂದು ನಮಗೆ ಆ ವಾರ ತಿಳಿಯಿತು. ಆದರೆ ಈ ಔಷಧವನ್ನು ಹೆಚ್ಚಾಗಿ, ಬಹುಕಾಲ ಕೊಟ್ಟರೆ ಎಲುಬು ಸವೆಯುವುದು, ಸಕ್ಕರೆ ಏರುವುದು, ಕಣ್ಣಿಗೆ ಪೊರೆ ಬರುವುದು ಎಂಬ ಸತ್ಯವೂ ಅಂದಿನ ವೈದ್ಯರಿಗೆ ಬೇಗನೆ ಗೋಚರವಾಯಿತು. ಆದುದರಿಂದಲೇ ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಕ್ರಮ ಏರ್ಪಟ್ಟಿತು.

ನಮಗೂ ಹಾಗೆಯೇ ಇಳಿಸಿದರು. 15ರಿಂದ 12.5, ಅಲ್ಲಿಂದ 10, ಆಮೇಲೆ ಒಂದು ದಿನ 10, ಮರುದಿನ 7.5 ಎಂಬ ಸರದಿ. ಜುಲೈ ತಿಂಗಳಿನಿಂದ ದಿನವೂ 7.5, ಎಂದರೆ 5ರ ಗುಳಿಗೆ ಒಂದು, ಎರಡೂವರೆಯದು ಒಂದು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ನಮ್ಮಾಕೆ ಹಾಲಿನ ಲೆಕ್ಕದ ಪಕ್ಕದಲ್ಲಿಯೇ ಇದನ್ನೂ ಬರೆದಿಟ್ಟಿದ್ದಳು.

ಅಷ್ಟರಲ್ಲಿ ನಮ್ಮ ಮುಖವು ಊದಿ ದುಂಡಗಾಗಿತ್ತು. ಮೊಮ್ಮಗನು, "ತಾತ, ನೀವು ಈಗ ಗಣಪತಿಯ ಹಾಗೆ ಕಾಣುತ್ತೀರಿ" ಎಂದನು. ಮನೆಯವರೆಲ್ಲರೂ ನಕ್ಕರು, ನಾವೂ ನಕ್ಕೆವು, ಆದರೆ ಆ ಮಾತು ಒಳಗೆ ನೆಟ್ಟಿತು. ಅದೇ ವಾರ ಬಂದಿದ್ದ ಬಂಧುಗಳೊಬ್ಬರು, "ಸ್ಟೀರಾಯ್ಡೇ? ಅದು ವಿಷ. ಒಮ್ಮೆ ಹಿಡಿದರೆ ಬಿಡುವುದಿಲ್ಲ" ಎಂದು ಹೇಳಿಹೋದರು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯನ್ನು ಮೂವತ್ತು ವರ್ಷ ಹುಡುಗರಿಗೆ ಬರೆಯಿಸಿದ ನಾವೇ ಆತುರಕ್ಕೆ ಬಿದ್ದೆವು. ಆಗಸ್ಟ್ 12ರಿಂದ ಎರಡೂವರೆಯ ಗುಳಿಗೆಯನ್ನು ಬಿಟ್ಟು, ಐದರದನ್ನು ಮಾತ್ರ ನುಂಗತೊಡಗಿದೆವು. ವೈದ್ಯರಿಗೂ ಹೇಳಲಿಲ್ಲ, ಮನೆಯಲ್ಲಿಯೂ ಹೇಳಲಿಲ್ಲ.

ಹತ್ತು ದಿನ ಏನೂ ಆಗಲಿಲ್ಲ. ನಮ್ಮ ಜಾಣತನಕ್ಕೆ ನಾವೇ ಮೆಚ್ಚಿಕೊಂಡೆವು. ಹನ್ನೊಂದನೆಯ ದಿನ ಹೆಗಲಿನಲ್ಲಿ ಹಳೆಯ ಬಿಗಿತ ಕಾಣಿಸಿತು. ಬೂದಿ ಮುಚ್ಚಿದ ಕೆಂಡವನ್ನು ಆರಿಹೋಯಿತೆಂದು ಬಗೆದಿದ್ದೆವು. ಆದರೂ ಬಾಯಿ ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು, ಕತ್ತಲಲ್ಲಿಯೇ ಹೆಣಗಾಡಿ ಅಂಗಿ ತೊಟ್ಟುಕೊಳ್ಳುತ್ತಿದ್ದೆವು. ನೋವಿಗಿಂತಲೂ ಆ ಕಳ್ಳತನವೇ ಹೆಚ್ಚು ದಣಿಸಿತು. ವಿಷವೆಂದ ಮೇಲೆ ಪೂರ್ತಿಯಾಗಿಯೇ ಬಿಟ್ಟುಬಿಡೋಣವೆಂಬ ಯೋಚನೆಯೂ ಒಂದೆರಡು ರಾತ್ರಿ ಬಂದಿತು.

ಆಗಸ್ಟ್ 31, ಗಣೇಶ ಚತುರ್ಥಿ. ಪೂಜೆಯ ಕೊನೆಗೆ ಮಂಗಳಾರತಿಯ ತಟ್ಟೆಯನ್ನು ಎತ್ತಲು ಹೋದ ಕೈ ಎದೆಯ ಮಟ್ಟದಲ್ಲಿಯೇ ನಿಂತಿತು. ಮಗನು ತಟ್ಟೆಯನ್ನು ತೆಗೆದುಕೊಂಡನು. ನಮ್ಮಾಕೆ ಏನೂ ಮಾತನಾಡಲಿಲ್ಲ. ಸಂಜೆ ಬಂದವರೆಲ್ಲ ಹೋದ ಮೇಲೆ ಔಷಧದ ಡಬ್ಬಿಯನ್ನು ನಮ್ಮ ಮುಂದೆ ತಂದಿಟ್ಟಳು. ಇಪ್ಪತ್ತು ದಿನ ಕಳೆದಿದ್ದುದರಿಂದ ಸಣ್ಣ ಗುಳಿಗೆಗಳು ಹತ್ತು ಉಳಿದಿರಬೇಕಾಗಿತ್ತು; ಮೂವತ್ತೂ ಹಾಗೆಯೇ ಇದ್ದವು.

"ಇಷ್ಟು ವರ್ಷ ಹಾಲಿನವನ ಲೆಕ್ಕ ತಪ್ಪಲಿಲ್ಲ, ಅಗಸನ ಲೆಕ್ಕ ತಪ್ಪಲಿಲ್ಲ. ನಿಮ್ಮ ಲೆಕ್ಕವನ್ನು ಏಕೆ ತಪ್ಪಿಸಿದಿರಿ? ಅಂಗಿ ತೊಡಿಸುವುದು ನನಗೆ ಭಾರವಾಗಿತ್ತೆಂದು ಯಾವಾಗಲಾದರೂ ಹೇಳಿದೆನೆ?" ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಇಬ್ಬರೂ ವೈದ್ಯರ ಬಳಿಗೆ ಹೋದೆವು. ನಾವು ತಪ್ಪೊಪ್ಪಿಕೊಂಡಾಗ ಅವರು ಗದರಿಸಲಿಲ್ಲ. ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿದರು. ಹೊಸದಾಗಿ ತಲೆನೋವು ಬಂದಿದೆಯೇ? ತಲೆ ಬಾಚುವಾಗ ನೆತ್ತಿಯ ಚರ್ಮ ನೋಯುವುದೇ? ಅಗಿಯುವಾಗ ದವಡೆ ಸೋತು ನೋಯುವುದೇ? ದೃಷ್ಟಿ ಮಂಜಾಗುವುದು, ಒಂದು ಎರಡಾಗಿ ಕಾಣುವುದು ಉಂಟೇ? ಈ ರೋಗದವರಲ್ಲಿ ಕೆಲವರಿಗೆ ತಲೆಯ ರಕ್ತನಾಳಗಳಲ್ಲಿಯೂ ಉರಿಯೂತ ಬರುವುದುಂಟು. ಆಗ ತಡಮಾಡಿದರೆ ಕಣ್ಣೇ ಹೋಗಬಹುದು. ಇಂಥ ಚಿಹ್ನೆ ಕಂಡ ದಿನವೇ ಆಸ್ಪತ್ರೆಗೆ ಓಡಬೇಕು ಎಂದರು. ದೇವರ ದಯದಿಂದ ನಮಗೆ ಅವು ಯಾವುವೂ ಇರಲಿಲ್ಲ.

ಬಳಿಕ ಅವರು ತಿಳಿಸಿದುದು ಇದು. ಔಷಧ ಇಳಿಸುವಾಗ ಬರುವ ನೋವೆಲ್ಲವೂ ಒಂದೇ ಅಲ್ಲ. ರೋಗವೇ ಮರುಕಳಿಸಿರಬಹುದು, ಔಷಧಕ್ಕೆ ಒಗ್ಗಿದ ದೇಹವು ಅದು ಕಡಿಮೆಯಾದುದಕ್ಕೆ ಕೆಲವು ದಿನ ಮೈಕೈನೋವು, ಆಯಾಸಗಳಿಂದ ಗೊಣಗುತ್ತಿರಬಹುದು, ಅಥವಾ ಹೆಗಲಿನ ಸವೆತದಂಥ ಬೇರೆಯ ಕಾರಣವೇ ಇರಬಹುದು. ಬೆಳಗಿನ ಬಿಗಿತವು ಮುಕ್ಕಾಲು ಗಂಟೆಗೂ ಮೀರಿ ನಿಂತರೆ, ರಕ್ತದ ಅಳತೆಗಳೂ ಏರಿದ್ದರೆ, ರೋಗವೇ ಮರಳಿತೆನ್ನಲು ಬಲವಾದ ಆಧಾರ. ನಮ್ಮ ಈ.ಎಸ್.ಆರ್. 48ಕ್ಕೆ ಏರಿತ್ತು.

"ನೋವು ಬಂದದ್ದು ಇರಲಿ. ನೀವು ಒಮ್ಮೆಲೇ ಪೂರ್ತಿ ಬಿಟ್ಟಿದ್ದರೆ ಪ್ರಾಣಕ್ಕೇ ಅಪಾಯವಾಗಬಹುದಾಗಿತ್ತು" ಎಂದೂ ಅವರು ಹೇಳಿದರು. ಮೂತ್ರಪಿಂಡಗಳ ಮೇಲೆ ಕುಳಿತ ಎರಡು ಸಣ್ಣ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ದಿನವೂ ತಯಾರಿಸುತ್ತವೆ. ಹೊರಗಿನಿಂದ ಅದೇ ಗುಣದ ಔಷಧ ತಿಂಗಳುಗಟ್ಟಲೆ ಬಂದರೆ ಅವು ಕೆಲಸವನ್ನು ಮರೆಯುತ್ತವೆ. ಬಹುಕಾಲ ಅಡಿಗೆಯವರನ್ನಿಟ್ಟುಕೊಂಡ ಮನೆಯಲ್ಲಿ, ಅವರನ್ನು ರಾತ್ರೋರಾತ್ರಿ ಕಳುಹಿಸಿಬಿಟ್ಟರೆ ಬೆಳಿಗ್ಗೆ ಒಲೆ ಹೊತ್ತಿಸುವವರಿಲ್ಲದಂತಾಗುವುದಲ್ಲವೆ, ಹಾಗೆ. ರಕ್ತದೊತ್ತಡ ಕುಸಿಯುವುದು, ವಾಂತಿಯಾಗುವುದು, ಎಚ್ಚರ ತಪ್ಪುವುದು. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ದೇಹಕ್ಕೆ ಈ ರಸ ಹೆಚ್ಚಾಗಿ ಬೇಕಾಗುವುದರಿಂದ, ಸ್ಟೀರಾಯ್ಡು ಸೇವಿಸುತ್ತಿರುವ ವಿಷಯವನ್ನು ಚಿಕಿತ್ಸೆ ಮಾಡುವ ಪ್ರತಿಯೊಬ್ಬರಿಗೂ ತಿಳಿಸಬೇಕು. ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಾದರೆ ಆಸ್ಪತ್ರೆಗೆ ಹೋಗಲೇಬೇಕು. ಆ ಸಂಗತಿಯನ್ನು ಬರೆದ ಚೀಟಿಯೊಂದು ಅಂದಿನಿಂದ ನಮ್ಮ ಜೇಬಿನಲ್ಲಿದೆ.

ಚಿಕಿತ್ಸೆ ಬಲು ಸರಳವಾಗಿತ್ತು: ಮತ್ತೆ 7.5ಕ್ಕೆ ಏರುವುದು. ಒಂದು ಮೆಟ್ಟಿಲು ಹಿಂದಕ್ಕೆ; 15ಕ್ಕೆ ಹಾರುವ ಅಗತ್ಯ ಬೀಳಲಿಲ್ಲ. ಹತ್ತು ದಿನಗಳಲ್ಲಿ ಹೆಗಲು ಸಡಿಲವಾಯಿತು. ಆಮೇಲೆ ಇಳಿಯುವ ವೇಗವನ್ನೇ ತಗ್ಗಿಸಿದರು, 7.5 ಮತ್ತು 5ರ ಸರದಿ ಎರಡು ತಿಂಗಳು, ಅನಂತರ 5. ಮತ್ತೆ ಮತ್ತೆ ಮರುಕಳಿಸಿದರೆ ಮೆಥೊಟ್ರೆಕ್ಸೇಟ್ ಎಂಬ ಬೇರೊಂದು ಔಷಧವನ್ನು ಜೊತೆಗೆ ಕೊಡುವ ಮಾರ್ಗವೂ ಉಂಟೆಂದು ಧೈರ್ಯ ಹೇಳಿದರು. ಎಲುಬಿಗಾಗಿ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ತ್ವ, ಸಕ್ಕರೆಗೆ ಕಾಲಕಾಲಕ್ಕೆ ಪರೀಕ್ಷೆ, ಕಣ್ಣಿಗೆ ವರ್ಷಕ್ಕೊಮ್ಮೆ ತಪಾಸಣೆ ಎಂದು ಗೊತ್ತುಮಾಡಿದರು. ದುಂಡುಮುಖವು ಔಷಧ ಇಳಿದಂತೆ ತಾನೇ ಇಳಿಯುವುದೆಂದರು, ಇಳಿಯಿತು.

2023ರ ಜೂನ್ ತಿಂಗಳಿನಲ್ಲಿ, ದಿನಕ್ಕೆ 2.5ಕ್ಕೆ ಬಂದಿದ್ದಾಗ, ಒಂದು ಬೆಳಿಗ್ಗೆ ತೋಳು ಮತ್ತೆ ಬಿಗಿಯಿತು. ಆ ದಿನ ನಾವು ಕತ್ತಲಲ್ಲಿ ಏಳಲಿಲ್ಲ. ಮಲಗಿದ್ದಲ್ಲಿಂದಲೇ ನಮ್ಮಾಕೆಯನ್ನು ಕರೆದು, "ಬಂದಿದೆ" ಎಂದೆವು. ಆಕೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ವೈದ್ಯರಿಗೆ ಫೋನು ಮಾಡಿ, ಬಂದು ಅಂಗಿಯನ್ನು ತೊಡಿಸಿದಳು. ಈ ಸಲ ಗೋಡೆಯ ಕಡೆಗೆ ತಿರುಗಲಿಲ್ಲ. ಆ ಬಿಗಿತವು ವಾರದೊಳಗೆ ತಾನಾಗಿಯೇ ಹೋಯಿತು. ರಕ್ತದ ಅಳತೆಯೂ ಏರಿರಲಿಲ್ಲ. ಔಷಧವನ್ನು ಹೆಚ್ಚಿಸಬೇಕಾಗಲೂ ಇಲ್ಲ.

ಕೊನೆಯ ಗುಳಿಗೆಯನ್ನು 2024ರ ಯುಗಾದಿಗೆ ಮೊದಲ ವಾರ ವೈದ್ಯರ ಅಪ್ಪಣೆಯಂತೆ ಬಿಟ್ಟೆವು. ಆ ತಿಂಗಳ ಕ್ಯಾಲೆಂಡರಿನ ಹಾಳೆಯನ್ನು ನಮ್ಮಾಕೆ ಹರಿದು ಎಸೆದಿಲ್ಲ. ವಾಚಕರ ಮನೆಗಳಲ್ಲಿಯೂ ಇಂಥ ಔಷಧವನ್ನು ಸೇವಿಸುವವರು ಇರಬಹುದು. ಅವರಿಗೆ ನಮ್ಮ ವಿಜ್ಞಾಪನೆ ಒಂದೇ: ಗುಳಿಗೆಯ ಪ್ರಮಾಣವನ್ನು ವೈದ್ಯರಿಗೆ ಬಿಡಿ, ನೋವು ಮರಳಿದರೆ ಅಂದೇ ಮನೆಯವರಿಗೆ ಹೇಳಿ. ಒಂದು ಮೆಟ್ಟಿಲು ಹಿಂದಕ್ಕೆ ಹತ್ತುವುದು ಸೋಲಲ್ಲ. ಹತ್ತಿದುದನ್ನು ಮುಚ್ಚಿಡುವುದರಲ್ಲಿಯೇ ಸೋಲಿದೆ.