ಬೇಸ್ ಆಂಪ್ ನೋಡೋಕೂ ಚೆಂದ ಇರ್ಬೇಕಾ?

(1/6)
ನಿಜ ಹೇಳಿ. ಬೇಸ್ ಗಿಟಾರ್ ನುಡಿಸೋರು ಆಂಪ್ ತಗೊಳ್ಳೋಕೆ ಅಂಗಡಿಗೆ ಹೋದ್ರೆ ಮೊದಲು ಕೇಳೋದು ವಾಟ್ ಎಷ್ಟು, ತೂಕ ಎಷ್ಟು, ರೇಟ್ ಎಷ್ಟು ಅಂತ. ಆದ್ರೆ ಅಷ್ಟರಲ್ಲಿ ಕಣ್ಣು ಯಾವುದೋ ಒಂದರ ಮೇಲೆ ಬಿದ್ದು ಆಗಿರುತ್ತೆ. ಅದರ ಬಣ್ಣ, ಮುಂದಿನ ಬಟ್ಟೆ, ಸಾಲಾಗಿ ಕೂತಿರೋ ನಾಬ್‌ಗಳು, ಆನ್ ಮಾಡಿದಾಗ ಹತ್ತೋ ಪುಟ್ಟ ಕೆಂಪು ಲೈಟು. ಬಾಯಲ್ಲಿ ಮಾತ್ರ "ಲುಕ್ ಯಾರಿಗೆ ಬೇಕು ಗುರು, ಸೌಂಡ್ ಮುಖ್ಯ"!

ಲುಕ್ ಬೇಕು ಅನ್ನೋದ್ರಲ್ಲಿ ನಾಚ್ಕೊಳ್ಳೋಂಥದ್ದು ಏನೂ ಇಲ್ಲ ಅಂತ ನಂಗನ್ಸುತ್ತೆ. ಯಾಕೆ ಅಂತ ಹೇಳ್ತೀನಿ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

(2/6)
ಮೊದಲು ಸೈಜ್ ವಿಷಯ. ನಾಲ್ಕು ತಂತಿ ಬೇಸ್‌ನ ದಪ್ಪ ತಂತಿ ಮೀಟಿದ್ರೆ ಸುಮಾರು 41 ಹರ್ಟ್ಜ್. ಮಾಮೂಲಿ ಗಿಟಾರ್‌ನ ದಪ್ಪ ತಂತಿಗಿಂತ ಒಂದು ಆಕ್ಟೇವ್ ಕೆಳಗೆ. ಇಷ್ಟು ತಗ್ಗಿನ ಸ್ವರ ಜೋರಾಗಿ ಕೇಳ್ಬೇಕು ಅಂದ್ರೆ ಸ್ಪೀಕರ್ ತುಂಬಾ ಗಾಳಿ ತಳ್ಳಬೇಕು. ಅದಕ್ಕೇ ದೊಡ್ಡ ಡಬ್ಬ, ಜಾಸ್ತಿ ಪವರ್.

1969ರಲ್ಲಿ ಅಮೆರಿಕದ ಆಂಪೆಗ್ ಕಂಪನಿ ಎಸ್‌ವಿಟಿ ಅಂತ 300 ವಾಟ್ ಆಂಪ್ ತಂತು. ಅದರ ಜೊತೆ ಫೇಮಸ್ ಆಗಿದ್ದು ಎಂಟು ಹತ್ತಿಂಚಿನ ಸ್ಪೀಕರ್ ಇರೋ ಎತ್ತರದ ಕ್ಯಾಬಿನೆಟ್. ಇವತ್ತಿಗೂ ಬೇಸಿಸ್ಟ್‌ಗಳು ಅದನ್ನ "ಫ್ರಿಜ್" ಅಂತಾನೇ ಕರೀತಾರೆ. ಕ್ಯಾಬಿನೆಟ್ ಒಂದೇ 60 ಕೆಜಿ ಮೇಲೆ! ರೋಲಿಂಗ್ ಸ್ಟೋನ್ಸ್ 1969ರ ಟೂರ್‌ನಲ್ಲೇ ಎಸ್‌ವಿಟಿಗಳನ್ನ ಹೊತ್ಕೊಂಡು ಓಡಾಡಿದ್ರು. ಆಗ ಆ ಗಾತ್ರ ಶೋಕಿ ಅಲ್ಲ, ಅಗತ್ಯ.

ಈಗ ಹಂಗಿಲ್ಲ. ಕ್ಲಾಸ್ ಡಿ ಆಂಪ್‌ಗಳು ಬಂದ ಮೇಲೆ 500 ವಾಟ್‌ನ ಹೆಡ್ ಎರಡು ಮೂರು ಕೆಜಿ, ಕಾಲೇಜ್ ಬ್ಯಾಗಲ್ಲಿ ಹಿಡಿಯುತ್ತೆ. ದೊಡ್ಡ ಶೋಗಳಲ್ಲಿ ಬೇಸ್ ಸಿಗ್ನಲ್ ನೇರ ಮಿಕ್ಸರ್‌ಗೆ ಹೋಗುತ್ತೆ, ಜನ ಕೇಳೋದು ಮೈದಾನದ ಸ್ಪೀಕರ್‌ಗಳಲ್ಲಿ. ಆದ್ರೂ ಸ್ಟೇಜ್ ಮೇಲೆ ಫ್ರಿಜ್ ನಿಂತಿರುತ್ತೆ. ಒಳಗೆ ಸ್ಪೀಕರೇ ಇಲ್ಲದ ಖಾಲಿ ಡಬ್ಬಗಳನ್ನ ಸಾಲಾಗಿ ಜೋಡಿಸೋ ಬ್ಯಾಂಡ್‌ಗಳೂ ಇವೆ.

(3/6)
ಇದನ್ನ ಚೆನ್ನಾಗಿ ಆಡ್ಕೊಂಡಿದ್ದು ಕೆನಡಾದ ರಷ್ ಬ್ಯಾಂಡ್‌ನ ಗೆಡ್ಡಿ ಲೀ. ಅವರ ಬೇಸ್ ಸೌಂಡ್ ನೇರ ಮಿಕ್ಸರ್‌ಗೆ ಹೋಗ್ತಿತ್ತು, ಹಿಂದೆ ಆಂಪ್ ಬೇಕಾಗೇ ಇರ್ಲಿಲ್ಲ. ಆದ್ರೆ ಗಿಟಾರಿಸ್ಟ್ ಕಡೆ ಆಂಪ್‌ಗಳ ರಾಶಿ, ಇವರ ಕಡೆ ಬಣಬಣ! ಅದಕ್ಕೆ 2002ರ ಟೂರ್‌ನಲ್ಲಿ ಅವರು ತಂದಿಟ್ಟಿದ್ದು ಏನು ಗೊತ್ತಾ? ಬಟ್ಟೆ ಒಣಗಿಸೋ ಡ್ರೈಯರ್ ಮಷೀನ್‌ಗಳು. ಶೋ ಪೂರ್ತಿ ಒಳಗೆ ಟೀ ಶರ್ಟ್‌ಗಳು ತಿರುಗ್ತಿದ್ವು, ಕೊನೆಗೆ ಅದನ್ನ ಜನರ ಕಡೆ ಎಸೀತಿದ್ರು. 2007ರ ಟೂರ್‌ನಲ್ಲಿ ಕೋಳಿ ಸುಡೋ ಓವನ್‌ಗಳು!

ನಗು ಬರುತ್ತೆ, ಆದ್ರೆ ಯೋಚಿಸಿ. ಸೌಂಡ್‌ಗೆ ಏನೂ ಬೇಡದೇ ಇದ್ದಾಗಲೂ ಆ ಜಾಗ ಖಾಲಿ ಬಿಡೋಕೆ ಅವರಿಗೇ ಮನಸ್ಸಾಗ್ಲಿಲ್ಲ.

(4/6)
ಇನ್ನು ಬಣ್ಣ. ಬಿಕಾಂನಲ್ಲಿ ಬ್ರ್ಯಾಂಡಿಂಗ್ ಪಾಠ ಮಾಡೋವಾಗ ಸೋಪು, ಬಿಸ್ಕೆಟ್ ಉದಾಹರಣೆ ಕೊಡ್ತಾರೆ. ನಾನಾಗಿದ್ರೆ ಆಂಪ್ ಉದಾಹರಣೆ ಕೊಡ್ತಿದ್ದೆ. 1968ರಲ್ಲಿ ಲಂಡನ್‌ನಲ್ಲಿ ಶುರುವಾದ ಆರೆಂಜ್ ಕಂಪನಿ ಹೆಸರಿಗೆ ತಕ್ಕಂತೆ ಡಬ್ಬಕ್ಕೂ ಕಿತ್ತಳೆ ಬಣ್ಣ ಕೊಡ್ತು. ಇಟಲಿಯ ಮಾರ್ಕ್‌ಬೇಸ್‌ದು ಹಳದಿ ಸ್ಪೀಕರ್. ಕೊನೇ ಸಾಲಲ್ಲಿ ನಿಂತೋರಿಗೂ ಹೆಸರು ಓದದೇನೇ ಯಾವ ಕಂಪನಿ ಅಂತ ಗೊತ್ತಾಗುತ್ತೆ.

ನಂಗೆ ತುಂಬಾ ಇಷ್ಟ ಆಗಿದ್ದು ಆಂಪೆಗ್‌ನ ಇನ್ನೊಂದು ಆಂಪ್, 1960ರ ಬಿ-15. ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಬಳಸಿದ್ದು ಇದೇ ಮಾಡೆಲ್. ಕೆಲಸ ಮುಗಿದ ಮೇಲೆ ಆಂಪ್ ಭಾಗವನ್ನ ತಿರುಗಿಸಿ ಡಬ್ಬದ ಒಳಗೇ ಇಡಬಹುದು. ಅದರ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಫಲಕ, ಆನ್ ಮಾಡಿದ್ರೆ ಬೆಳಗುತ್ತೆ. ಆ ಫಲಕದಲ್ಲಿ ಕೊಂಡವರು ತಮ್ಮ ಹೆಸರನ್ನೇ ಕೆತ್ತಿಸ್ಕೋಬಹುದಿತ್ತು! ಸೌಂಡ್‌ಗೆ ಅದರಿಂದ ಏನೂ ಆಗಲ್ಲ. ಆದ್ರೆ ಹಿಂದೆ ನಿಂತು ನುಡಿಸೋನ ಹೆಸರು ಬೆಳಕಲ್ಲಿರುತ್ತೆ.

(5/6)
ಇದು ಯಾಕೆ ಮುಖ್ಯ ಅಂತ ನಂಗೆ ಅರ್ಥ ಆಗಿದ್ದು ನಮ್ಮ ಬ್ಯಾಂಡ್‌ನಿಂದಲೇ. ಒಂದು ಫೆಸ್ಟ್‌ನಲ್ಲಿ ಆಂಕರ್ ಎಲ್ಲರ ಪರಿಚಯ ಮಾಡಿದ್ರು. ವೋಕಲ್ಸ್, ಲೀಡ್ ಗಿಟಾರ್, ಕೀಬೋರ್ಡ್, ಡ್ರಮ್ಸ್. ಕೊನೆಗೆ "ಮತ್ತೆ ಇನ್ನೊಂದು ಗಿಟಾರ್"! ನಮ್ಮ ಬೇಸಿಸ್ಟ್ ನಕ್ಕು ಸುಮ್ಮನಾದ್ಲು. ಬೇಸ್ ಇದ್ದಾಗ ಯಾರಿಗೂ ಗೊತ್ತಾಗಲ್ಲ, ನಿಂತಾಗ ಮಾತ್ರ "ಏನೋ ಕಮ್ಮಿ ಆಯ್ತಲ್ಲಾ" ಅಂತಾರೆ.

ಹೋದ ತಿಂಗಳು ಐದೂ ಜನ ದುಡ್ಡು ಹಾಕಿ ಸೆಕೆಂಡ್ ಹ್ಯಾಂಡ್ ಬೇಸ್ ಆಂಪ್ ತಗೊಂಡ್ವಿ. ಲೆಕ್ಕ ಬರೆಯೋದು ನನ್ನ ಕೆಲಸ. ಎರಡು ಸಿಕ್ಕಿದ್ವು. ಒಂದು ಕಪ್ಪು ಡಬ್ಬ. ಇನ್ನೊಂದು ಕಡು ನೀಲಿ, ಮುಂದೆ ಬೆಳ್ಳಿ ಬಣ್ಣದ ಬಟ್ಟೆ, ಮೂರು ಸಾವಿರ ಜಾಸ್ತಿ. ಎರಡೂ ನುಡಿಸಿ ನೋಡಿದ್ವಿ, ಸೌಂಡ್‌ನಲ್ಲಿ ಅಂಥ ವ್ಯತ್ಯಾಸ ಇಲ್ಲ. ಅವಳು ನೀಲಿದರ ಪಕ್ಕದಿಂದ ಕದಲ್ಲೇ ಇಲ್ಲ. ಡ್ರಮ್ಮರ್ "ಶೋಕಿಗೆ ಮೂರು ಸಾವಿರನಾ?" ಅಂದ.

ನಾನು ನೀಲಿಗೇ ಓಟ್ ಹಾಕ್ದೆ. ಐದು ಜನಕ್ಕೆ ಹಂಚಿದ್ರೆ ತಲೆಗೆ ಆರುನೂರು. ಲೆಡ್ಜರ್‌ನಲ್ಲಿ ಅದು ಖರ್ಚು, ಸರಿ. ಆದ್ರೆ ಆಂಪ್ ಬಂದ ಮೇಲೆ ಅವಳು ಪ್ರಾಕ್ಟೀಸ್‌ಗೆ ಎಲ್ಲರಿಗಿಂತ ಮುಂಚೆ ಬರ್ತಾಳೆ. ಮೊದಲೆಲ್ಲ ಡ್ರಮ್ಸ್ ಹಿಂದೆ ಸೇರ್ಕೊಳ್ತಿದ್ದವಳು ಈಗ ಆಂಪ್ ಮುಂದೆ ನಿಂತು ನುಡಿಸ್ತಾಳೆ.

(6/6)
ಹಂಗಂತ ಲುಕ್ ನೋಡಿ ಇಎಂಐಗೆ ಬೀಳ್ಬೇಡಿ. ಹಳೇ ಆಂಪ್ ತಗೊಳ್ಳೋದಾದ್ರೆ ಈ ಕ್ರಮ ಇಟ್ಕೊಳ್ಳಿ:

• ಸ್ವಂತ ಬೇಸ್ ತಗೊಂಡು ಹೋಗಿ, ತಗ್ಗಿನ ಸ್ವರಗಳನ್ನ ಜೋರಾಗಿ ನುಡಿಸಿ. ಸ್ಪೀಕರ್ ಪರಪರ ಅಂದ್ರೆ ಬೇಡ.
• ಒಂದೊಂದೇ ನಾಬ್ ತಿರುಗಿಸಿ, ಕರಕರ ಸದ್ದು ಬರುತ್ತಾ ಕೇಳಿ.
• ಎತ್ತಿ ನೋಡಿ. ಮೂರನೇ ಮಹಡಿಗೆ ಯಾರು ಹೊರ್ತಾರೆ ಅಂತ ಮೊದಲೇ ಮಾತಾಡ್ಕೊಳ್ಳಿ. (ಬೇಸಿಸ್ಟ್ ಒಬ್ರೇ ಅಲ್ಲ!)
• ಇಷ್ಟೆಲ್ಲ ಪಾಸಾದ ಮೇಲೆ ಎರಡು ಉಳಿದ್ರೆ, ಕಣ್ಣಿಗೆ ಹಿಡಿಸಿದ್ದು ತಗೊಳ್ಳಿ. ಯಾರಿಗೂ ಕಾರಣ ಹೇಳ್ಬೇಕಾಗಿಲ್ಲ.

ಈಗ ನಿಮ್ಮ ಬ್ಯಾಂಡ್‌ನ ಬೇಸಿಸ್ಟ್‌ನ ಟ್ಯಾಗ್ ಮಾಡಿ, ಹೆಸರು ಹಾಕಿ. "ಇನ್ನೊಂದು ಗಿಟಾರ್" ಅಂದ್ರೆ ಬ್ಲಾಕ್ 😄

#ಬೇಸ್‌ಗಿಟಾರ್ #ಬೇಸಿಸ್ಟ್ #ಕಾಲೇಜ್‌ಬ್ಯಾಂಡ್ #ಕನ್ನಡದಲ್ಲಿ