ಹೊಗೆ ಬರುವುದರೊಳಗೆ

ಬೆಳಗಿನ ಏಳೂಕಾಲು. ಶಾಲೆಯ ಗೇಟಿನ ಮುಂದೆ ಇ-ರಿಕ್ಷಾಗಳು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿವೆ. ಒಂದರಿಂದ ಎಂಟು ಮಕ್ಕಳು ಇಳಿಯುತ್ತಾರೆ. ಅಷ್ಟು ಜನ ಅದರೊಳಗೆ ಹೇಗೆ ಕೂತಿದ್ದರು ಅಂತ ಕೇಳಬೇಡಿ. ಯಾರದೋ ನೀರಿನ ಬಾಟಲಿ ಉರುಳಿ ಮೋರಿಯ ಕಡೆ ಹೊರಡುತ್ತದೆ. "ಭಯ್ಯಾ, ಪಕಡೋ!" ಎಂದು ಒಬ್ಬ ಅಜ್ಜಿ ಕೂಗುತ್ತಾಳೆ. ಕಾವಲುಗಾರ ಕಾಲು ಅಡ್ಡ ಕೊಟ್ಟು ಬಾಟಲಿಯನ್ನು ನಿಲ್ಲಿಸುತ್ತಾನೆ.

ಇದು ಮಯೂರ್ ವಿಹಾರ್ ಫೇಸ್ ಒಂದು. 2023ರ ಜುಲೈ 3, ಸೋಮವಾರ. ಮೇ 11ಕ್ಕೆ ಶುರುವಾದ ಬೇಸಿಗೆ ರಜೆ ಮುಗಿದು ದೆಹಲಿಯ ಮಕ್ಕಳು ಮತ್ತೆ ಬ್ಯಾಗು ಹೊತ್ತಿದ್ದಾರೆ. ನಮ್ಮ ಮಗಳು ಮೂರನೇ ತರಗತಿ. ಅವಳ ಕೈಯಲ್ಲಿ ರಜೆಯ ಹೋಂವರ್ಕಿನ ಫೈಲು. ಅದರಲ್ಲಿ ಅವಳ ಕೈಬರಹ ಎಷ್ಟು, ಅಮ್ಮಂದು ಎಷ್ಟು ಎಂಬುದು ಟೀಚರಿಗೂ ಗೊತ್ತು, ಅವರು ಕೇಳುವುದಿಲ್ಲ.

ಮೊದಲ ದಿನವೇ ಡೈರಿಗೆ ಅಂಟಿಸಿ ಕಳಿಸಿದ ಹಾಳೆಯನ್ನು ಸ್ವಲ್ಪ ನೋಡಿ. ಜುಲೈಯಿಂದ ನವೆಂಬರಿನವರೆಗಿನ ಚಟುವಟಿಕೆಗಳು. ವನಮಹೋತ್ಸವ, ಸ್ವಾತಂತ್ರ್ಯ ದಿನದ ನೃತ್ಯ, ರಾಖಿ ಮಾಡುವ ಸ್ಪರ್ಧೆ, ಶಿಕ್ಷಕರ ದಿನ, ಹಿಂದಿ ದಿವಸ, ಅರ್ಧವಾರ್ಷಿಕ ಪರೀಕ್ಷೆ, ಗಾಂಧಿ ಜಯಂತಿ, ದಸರೆಯ ರಾವಣ, ದೀಪಾವಳಿಯ ಹಣತೆ, ಮಕ್ಕಳ ದಿನದ ಮೇಳ. ಕಟ್ಟಕಡೆಯ ಸಾಲಿನಲ್ಲಿ: ವಾರ್ಷಿಕ ಕ್ರೀಡಾಕೂಟ, ನವೆಂಬರ್ ಕೊನೆಯ ವಾರ. ಆ ಸಾಲನ್ನು ನೆನಪಿನಲ್ಲಿಡಿ.

ಮೊದಲ ವಾರ ಬೇವಿನ ಸಸಿಗಳು ಬರುತ್ತವೆ. ಕಾಂಪೌಂಡಿನ ಪಕ್ಕ ಸಾಲಾಗಿ ಗುಂಡಿಗಳು. ಒಂದೊಂದು ಗುಂಡಿಗೆ ಇಡೀ ಒಂದು ತರಗತಿ. ಸಸಿ ನೆಡುವವಳು ಒಬ್ಬಳು, ಮಣ್ಣು ತುಳಿಯುವವರು ನಲವತ್ತು ಮಂದಿ. ನೀರು ಹಾಕಲು ಜಗಳ. ಶನಿವಾರ, ಭಾನುವಾರ ಮಳೆ ಆ ಜಗಳವನ್ನು ತಾನೇ ಬಗೆಹರಿಸುತ್ತದೆ. 9ರ ಬೆಳಗ್ಗೆ ಎಂಟೂವರೆಗೆ ಮುಗಿದ 24 ಗಂಟೆಯಲ್ಲಿ ದೆಹಲಿಗೆ 153 ಮಿಲಿಮೀಟರ್. ಜುಲೈ ತಿಂಗಳ ಒಂದೇ ದಿನ ಇಷ್ಟು ಸುರಿದದ್ದು 1982ರ ನಂತರ ಇದೇ ಮೊದಲು. ಸೋಮವಾರ ಶಾಲೆಗೆ ರಜೆ. ಮಕ್ಕಳು ಬಾಲ್ಕನಿಯಲ್ಲಿ ನಿಂತು ಕುಣಿಯುತ್ತಾರೆ. ಆದರೆ ಹರಿಯಾಣದ ಹಥನಿಕುಂಡ್ ಬ್ಯಾರೇಜಿನಿಂದ ಬಿಟ್ಟ ನೀರು ದೆಹಲಿಯತ್ತ ಹೊರಟಾಗಿದೆ.

ಮಯೂರ್ ವಿಹಾರಿನ ಪಶ್ಚಿಮಕ್ಕೆ ಹೆದ್ದಾರಿ ದಾಟಿದರೆ ಯಮುನೆಯ ಖಾದರ್, ಅಂದರೆ ನದಿ ಮಗ್ಗುಲಿನ ತಗ್ಗು ಜಮೀನು. ಅಲ್ಲಿ ಸೊಪ್ಪು, ಮೂಲಂಗಿ, ಹೂಕೋಸು ಬೆಳೆಯುವ ಕುಟುಂಬಗಳ ಗುಡಿಸಲುಗಳಿವೆ, ಗಿಡಗಳ ನರ್ಸರಿಗಳಿವೆ. ಜುಲೈ 13ರಂದು ಹಳೇ ರೈಲು ಸೇತುವೆಯ ಬಳಿ ನದಿ 208.66 ಮೀಟರ್ ಮುಟ್ಟುತ್ತದೆ. ಅಪಾಯದ ಗೆರೆ 205.33. ಅದಕ್ಕೂ ಹಿಂದಿನ ದಾಖಲೆ 1978ರ 207.49. ಖಾದರಿನ ಜನ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ರಸ್ತೆಗೆ ಬಂದಿದ್ದಾರೆ. ಮೆಟ್ರೋ ಕಂಬಗಳ ಕೆಳಗೆ, ಫ್ಲೈಓವರಿನ ಪಕ್ಕ, ಫುಟ್‌ಪಾತಿನುದ್ದಕ್ಕೂ ಟೆಂಟುಗಳು. ಎಮ್ಮೆ, ಮೇಕೆ, ಮಂಚ, ಟ್ರಂಕು. ಒಂದು ಕಬ್ಬಿಣದ ಬೇಲಿಗೆ ಶಾಲೆಯ ಪುಸ್ತಕಗಳನ್ನು ಬಟ್ಟೆ ಒಣಗಿಸುವ ಹಾಗೆ ಒಣಹಾಕಿದ್ದಾರೆ. ಹಾಳೆಗಳು ಉಬ್ಬಿ, ಗಣಿತದ ಲೆಕ್ಕಗಳ ಶಾಯಿ ಹರಡಿ ನೀಲಿಯ ಕಲೆಯಾಗಿದೆ. ಆ ಪುಸ್ತಕಗಳ ಒಡೆಯರೂ ಪ್ರೈಮರಿ ಮಕ್ಕಳೇ. ಅವರದು ಪಾಲಿಕೆಯ ಶಾಲೆ, ನಮ್ಮ ಮಗಳದು ಫೀಸಿನ ಶಾಲೆ. ಎರಡಕ್ಕೂ ಆ ವಾರ ಬೀಗ. ಭಾನುವಾರದವರೆಗೆ ಎಂದಿದ್ದ ರಜೆ ಪರಿಹಾರ ಶಿಬಿರಗಳಿರುವ ಜಿಲ್ಲೆಗಳಲ್ಲಿ 18ರವರೆಗೆ ಹಿಗ್ಗುತ್ತದೆ. ಪೂರ್ವ ದೆಹಲಿಯೂ ಆ ಪಟ್ಟಿಯಲ್ಲಿದೆ. ಪುಸ್ತಕ, ಸಮವಸ್ತ್ರ ಕಳೆದುಕೊಂಡ ಮಕ್ಕಳಿಗೆ ಶಾಲೆಯ ಮೂಲಕವೇ ಹೊಸತು ಕೊಡಿಸುವುದಾಗಿ ಸರ್ಕಾರ ಹೇಳುತ್ತದೆ. ಕುಟುಂಬಕ್ಕೆ ಹತ್ತು ಸಾವಿರ ರೂಪಾಯಿ.

"ಅಮ್ಮಾ, ಅವರ ವನಮಹೋತ್ಸವ ಎಲ್ಲಿ ಮಾಡ್ತಾರೆ?" ಎಂದು ರಿಕ್ಷಾದಲ್ಲಿ ಕೂತ ಮಗಳು ಕೇಳುತ್ತಾಳೆ. ಅವರ ಹೊಲವೇ ನೀರಿನಡಿ ಇದೆ ಎಂದು ಅವಳಮ್ಮ ಹೇಳುವುದಿಲ್ಲ. "ನೀರು ಇಳಿದ ಮೇಲೆ ಮಾಡ್ತಾರೆ ಪುಟ್ಟೀ" ಅನ್ನುತ್ತಾಳೆ.

ಶಾಲೆ ತೆರೆಯಿತು ಅನ್ನುವಷ್ಟರಲ್ಲಿ ಕಣ್ಣುಬೇನೆ. ದೆಹಲಿಯವರು ಇದನ್ನು ಐ ಫ್ಲೂ ಅನ್ನುತ್ತಾರೆ, ಬೆಂಗಳೂರಿನ ನಮ್ಮತ್ತೆ ಮದ್ರಾಸ್ ಐ ಅನ್ನುತ್ತಾರೆ. ಕಣ್ಣು ಮಾತ್ರ ಎರಡೂ ಊರಲ್ಲಿ ಒಂದೇ ಕೆಂಪು. ತರಗತಿಯಲ್ಲಿ ದಿನಕ್ಕೊಂದಿಷ್ಟು ಬೆಂಚು ಖಾಲಿ. ವಾಸಿಯಾಗಿ ಬಂದವರು ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಾರೆ, ಅವರ ನಡಿಗೆಯೇ ಬೇರೆ. ಇದೇ ಹೊತ್ತಿಗೆ ಟಿಫಿನ್ ಡಬ್ಬಿಯಿಂದ ಟೊಮೆಟೊ ಮಾಯ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರದಿಂದ ತರಿಸಿದ ಹಣ್ಣನ್ನು ಕೇಂದ್ರ ಸರ್ಕಾರ ವ್ಯಾನುಗಳಲ್ಲಿಟ್ಟು ಕಿಲೋಗೆ 70 ರೂಪಾಯಿಯಂತೆ ಮಾರಿಸುತ್ತಿದೆ. ನಮ್ಮೂರ ಟೊಮೆಟೊಗೆ ದೆಹಲಿಯಲ್ಲಿ ಸರತಿ ಸಾಲು.

ಆಗಸ್ಟ್ ಬಂದಿತು. ಈಗ ಶಾಲೆಯ ಅಂಗಳಕ್ಕೆ ಬನ್ನಿ, ಸ್ವಲ್ಪ ಹೊತ್ತು ಇಲ್ಲೇ ಇರೋಣ. ಸ್ಪೀಕರು ಹಳೆಯದು, ಹಾಡು ಶುರುವಾಗುವ ಮುಂಚೆ ಗೊರಗೊರ ಅನ್ನುತ್ತದೆ. ಸೆಕೆ ಎಷ್ಟೆಂದರೆ ಮಕ್ಕಳ ಕುತ್ತಿಗೆಯ ಹಿಂದೆ ಪೌಡರು ಕರಗಿ ಬಿಳಿ ಗೆರೆ. ಮೂರು ಸಾಲು: ಕೇಸರಿ, ಬಿಳಿ, ಹಸಿರು. ಕೇಸರಿಗೆ ಎಲ್ಲರೂ ಬೇಕು, ಹಸಿರಿಗೂ ಬೇಕು, ಬಿಳಿ ದುಪಟ್ಟಾ ಮಾತ್ರ ಯಾರಿಗೂ ಬೇಡ. ಕಣ್ಣುಬೇನೆಯಿಂದಾಗಿ ಇಬ್ಬರು ಮನೆಯಲ್ಲಿದ್ದಾರೆ, ಹಾಗಾಗಿ ಸಾಲು ಕಟ್ಟುವಾಗ ಧ್ವಜದ ನಡುವೆ ದೊಡ್ಡ ತೂತು. "ಏಕ್, ದೋ, ತೀನ್, ಘೂಮ್!" ಡಾನ್ಸ್ ಮ್ಯಾಮ್ ಚಪ್ಪಾಳೆ ತಟ್ಟುತ್ತಾರೆ. ಇಡೀ ಹಸಿರು ಬಲಕ್ಕೆ ತಿರುಗುತ್ತದೆ, ಒಬ್ಬ ಹುಡುಗ ಎಡಕ್ಕೆ. ಮತ್ತೆ ಮೊದಲಿನಿಂದ. ಆ ಹುಡುಗ ಮತ್ತೆ ಎಡಕ್ಕೆ. ಕೊನೆಗೆ ಮ್ಯಾಮ್ ಸೋತು ಅವನನ್ನು ಸಾಲಿನ ಎಡತುದಿಗೆ ನಿಲ್ಲಿಸುತ್ತಾರೆ. ಈಗ ಅವನು ತಿರುಗುವುದೇ ನೃತ್ಯದ ಭಾಗದಂತೆ ಕಾಣುತ್ತದೆ. ಒಳ್ಳೆಯ ಟೀಚರು ಅಂದರೆ ಇವರೇ ಅಂತ ನನಗೆ ಅನ್ನಿಸಿದ್ದು ಆಗ.

ಕೆಂಪುಕೋಟೆಯ ಬಂದೋಬಸ್ತಿಗೆ ರಸ್ತೆಗಳು ಮುಚ್ಚುವುದರಿಂದ ಇಲ್ಲಿ ಶಾಲೆಯ ಕಾರ್ಯಕ್ರಮ ಮುಂಚಿತವಾಗಿಯೇ ಮುಗಿಯುತ್ತದೆ. 15ನೇ ತಾರೀಕು ಗಾಳಿಪಟಗಳದ್ದು. ಟೆರೇಸಿನ ಮೇಲೆ ನಿಂತರೆ ತ್ರಿಲೋಕ್‌ಪುರಿಯಿಂದ ಚಿಲ್ಲಾ ಗ್ರಾಮದವರೆಗೂ ಆಕಾಶದಲ್ಲಿ ಕಾಗದ. ಯಾರದೋ ಪಟ ಕಡಿದರೆ ಹತ್ತು ಟೆರೇಸುಗಳಿಂದ ಒಂದೇ ಕೂಗು: "ಆಯ್ ಬೋ ಕಾಟಾ!"

ಆಗಸ್ಟ್ 23, ಬುಧವಾರ. ಸಂಜೆ 6 ಗಂಟೆ 4 ನಿಮಿಷ. ನಮ್ಮ ಅಪಾರ್ಟ್‌ಮೆಂಟಿನ ಎಲ್ಲ ಟಿವಿಗಳೂ ಒಂದೇ ಮಾತು ಆಡುತ್ತಿವೆ. ಚಂದ್ರಯಾನದ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಇಳಿದ ಸುದ್ದಿ ಬಂದಾಗ ಕೆಳಗೆ ಯಾರೋ ದೀಪಾವಳಿಗೆ ಎತ್ತಿಟ್ಟ ಪಟಾಕಿಗೆ ಕಿಡಿ ತಾಗಿಸುತ್ತಾರೆ. ಮಾರನೆಯ ಬೆಳಗ್ಗೆ ಅಸೆಂಬ್ಲಿಯಲ್ಲಿ ಹೆಡ್‌ಮಿಸ್ಟ್ರೆಸ್ ಕೇಳುತ್ತಾರೆ: ಈ ಸಂದೇಶ ಮೊದಲು ಯಾವ ಊರಿಗೆ ಬಂತು? ಮೂರನೇ ತರಗತಿಯ ಸಾಲಿನಿಂದ ಒಂದು ಕೈ ಮೇಲೇಳುತ್ತದೆ. ಬೆಂಗಳೂರು, ಪೀಣ್ಯ, ಇಸ್ರೋದ ಇಸ್ಟ್ರಾಕ್ ಕೇಂದ್ರ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. "ನಮ್ಮಜ್ಜಿ ಮನೆ ಅದರ ಪಕ್ಕ, ದಾಸರಹಳ್ಳಿಯಲ್ಲಿ" ಎಂದು ಹಿಂದಿಯಲ್ಲಿ ಸೇರಿಸುತ್ತಾಳೆ. ಆ ದಿನ ಊಟದ ಬಿಡುವಿನಲ್ಲಿ ಅವಳ ಸುತ್ತ ಗುಂಪು. ವಿಕ್ರಮ್‌ನನ್ನು ನೋಡಿದ್ದೀಯಾ? ಅಜ್ಜಿ ನೋಡಿದ್ದಾರಾ? ಅಜ್ಜಿಗೆ ರಾಕೆಟ್ ಓಡಿಸಲು ಬರುತ್ತಾ? ಸಂಜೆ ಫೋನಿನಲ್ಲಿ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, "ಹೂಂ ಅನ್ನು, ಏನು ಹೋಗತ್ತೆ" ಎಂದುಬಿಟ್ಟರು.

ಅದರ ಫಲವನ್ನು ಉಂಡವರು ನಾವು. ಸೋಮವಾರಕ್ಕೆ ಚಂದ್ರಯಾನದ ಮಾದರಿ ಮಾಡಿ ತರಬೇಕು. ಆಚಾರ್ಯ ನಿಕೇತನದ ಸ್ಟೇಷನರಿ ಅಂಗಡಿಯಲ್ಲಿ ಗೋಲ್ಡನ್ ಹಾಳೆ ಖಾಲಿ. ರಾತ್ರಿ ಹನ್ನೊಂದಕ್ಕೆ ಶೂ ಡಬ್ಬಿ, ಅಡುಗೆಮನೆಯ ಫಾಯಿಲ್, ಐಸ್‌ಕ್ರೀಮ್ ಕಡ್ಡಿ, ಫೆವಿಕಾಲ್. ಚಂದ್ರನ ಮೇಲಿನ ವಿಕ್ರಮ್ ಸೆಪ್ಟೆಂಬರ್ 4ಕ್ಕೆ ನಿದ್ದೆಗೆ ಜಾರಿತು. ತರಗತಿಯ ವಿಕ್ರಮ್‌ಗಳು ಹೆಚ್ಚಿನವು ಅದಕ್ಕೂ ಮುಂಚೆಯೇ ಕಾಲು ಮುರಿದುಕೊಂಡಿದ್ದವು.

ಸೆಪ್ಟೆಂಬರ್ ಬೇಗ ಬೇಗ. ಶಿಕ್ಷಕರ ದಿನ, ಜನ್ಮಾಷ್ಟಮಿಯ ಪುಟ್ಟ ಕೃಷ್ಣಂದಿರು, ಅದರ ಬೆನ್ನಿಗೇ ಜಿ20 ಸಭೆಗಾಗಿ 8ರಿಂದ 10ರವರೆಗೆ ಇಡೀ ದೆಹಲಿಗೆ ರಜೆ. ಧ್ವಜಗಳ ಹೆಸರು ಬಾಯಿಪಾಠ ಮಾಡಿದ ಮಕ್ಕಳು ಒಬ್ಬ ವಿದೇಶಿ ಅತಿಥಿಯನ್ನೂ ನೋಡಲಿಲ್ಲ. ಹಿಂದಿ ದಿವಸದ ಸುಲೇಖ ಸ್ಪರ್ಧೆ. ಪರೀಕ್ಷೆ. ಪರೀಕ್ಷೆಯ ಬಗ್ಗೆ ಹೇಳುವುದಕ್ಕೇನಿದೆ.

ಅಕ್ಟೋಬರಿನಲ್ಲಿ ದೆಹಲಿ ಬದಲಾಗುತ್ತದೆ. ಬೆವರು ಆರುತ್ತದೆ. ಬೆಳಗಿನ ಗಾಳಿಗೆ ಸಪ್ತಪರ್ಣಿ ಹೂವಿನ ಮತ್ತೇರಿಸುವ ವಾಸನೆ. ವರ್ಷವಿಡೀ ದೆಹಲಿಯನ್ನು ಬೈಯುವವರು ಈ ಮೂರು ವಾರ ಬಾಯಿ ಮುಚ್ಚಿಕೊಳ್ಳುತ್ತಾರೆ. ಪಿಟಿ ಸರ್ ಸುಣ್ಣದ ಪುಡಿ ಹಿಡಿದು ಮೈದಾನಕ್ಕೆ ಗೆರೆ ಎಳೆಯುತ್ತಿದ್ದಾರೆ. ಕಪ್ಪೆ ಜಿಗಿತ, ಗೋಣಿಚೀಲದ ಓಟ, ಬಾಯಲ್ಲಿ ಚಮಚ ಚಮಚದಲ್ಲಿ ನಿಂಬೆಹಣ್ಣು. 3ನೇ ತಾರೀಕು, ಮಂಗಳವಾರ, ಶಾಲೆ ಬಿಟ್ಟ ಮೇಲೂ ರಿಲೇ ಅಭ್ಯಾಸ ನಡೆದಿದೆ. 2 ಗಂಟೆ 51 ನಿಮಿಷಕ್ಕೆ ನೇಪಾಳದಲ್ಲಿ 6.2ರ ಭೂಕಂಪ, ದೆಹಲಿಯ ಫ್ಯಾನುಗಳು ತೂಗುತ್ತವೆ. ಅಪಾರ್ಟ್‌ಮೆಂಟುಗಳಿಂದ ಜನ ಚಪ್ಪಲಿಯಿಲ್ಲದೆ ಕೆಳಗಿಳಿದು ಬರುತ್ತಾರೆ. ಪಾಲಿಕೆ ಶಾಲೆಯ ಮಧ್ಯಾಹ್ನದ ಪಾಳಿಯ ಹುಡುಗರು ಅಂಗಳಕ್ಕೆ ಓಡಿ ಬರುತ್ತಾರೆ, ತರಗತಿ ನಿಂತ ಖುಷಿಗೆ ಅಲ್ಲೇ ಕಬಡ್ಡಿ ಶುರು. ನಮ್ಮ ಮೈದಾನದಲ್ಲಿ ಓಡುತ್ತಿದ್ದ ಮಕ್ಕಳಿಗೆ ಮಾತ್ರ ನೆಲ ಅಲುಗಿದ್ದೇ ತಿಳಿದಿಲ್ಲ. "ಭೂಕಂಪ ಯಾವಾಗ ಆಯಿತು? ನನ್ನ ಬ್ಯಾಟನ್ ಬಿದ್ದಿತಲ್ಲ, ಆಗಲೇ ಇರಬೇಕು" ಎಂದು ಮಗಳು ತನ್ನ ತಪ್ಪಿಗೊಂದು ಒಳ್ಳೆಯ ನೆಪ ಕಂಡುಕೊಂಡಳು.

ಊರಿನ ಮಕ್ಕಳಿಗೆ ಅಕ್ಟೋಬರ್ 8ರಿಂದ 24ರವರೆಗೆ ದಸರಾ ರಜೆ. ದೆಹಲಿಯಲ್ಲಿ ಸಿಗುವುದು ಮೂರ್ನಾಲ್ಕು ದಿನ. ನಾವು ಮನೆಯಲ್ಲಿ ಪಟ್ಟದ ಗೊಂಬೆ ಇಟ್ಟು ಪಕ್ಕದ ಮಕ್ಕಳನ್ನು ಕರೆದರೆ, ಅವರು ಚರ್ಪಿನ ತಿಂಡಿ ತಿಂದು ನೇರ ಕೇಳುವುದು: ಇದರಲ್ಲಿ ರಾವಣ ಎಲ್ಲಿ? ಶಾಲೆಯಲ್ಲಂತೂ ಅವನೇ ನಾಯಕ. ಹತ್ತು ತಲೆಗೆ ಹತ್ತು ಮಕ್ಕಳು, ಎಲ್ಲ ತಲೆಗಳಿಗೂ ಮೀಸೆ, ಒಂದಕ್ಕೆ ಕನ್ನಡಕ.

ರಾವಣನನ್ನು ಸುಟ್ಟ ವಾರದೊಳಗೆ ಬೆಳಗಿನ ಬಣ್ಣ ಕೆಡುತ್ತದೆ. ಹಿಂದಿನ ವಾರ ಗೇಟಿನಿಂದ ಕಾಣುತ್ತಿದ್ದ ಮೆಟ್ರೋ ಈಗ ಬರೀ ಸದ್ದು. ಗಂಟಲಲ್ಲಿ ಕೆರೆತ. ಪಂಜಾಬ್, ಹರಿಯಾಣದ ಕೂಳೆಯ ಬೆಂಕಿ, ನಗರದ್ದೇ ವಾಹನ ಮತ್ತು ಧೂಳು, ಅಲುಗದ ಗಾಳಿ. ನವೆಂಬರ್ 1ಕ್ಕೆ ಕರ್ನಾಟಕಕ್ಕೆ ಆ ಹೆಸರು ಬಂದು ಐವತ್ತು ವರ್ಷ. ಹಳದಿ-ಕೆಂಪು ಬಾವುಟ ಹಿಡಿದು ಫೋಟೋ ತೆಗೆದರೆ ಹಿಂದಿನ ಕಟ್ಟಡವೇ ಕಾಣುವುದಿಲ್ಲ. 2ರ ರಾತ್ರಿ ಆಗಿನ ಮುಖ್ಯಮಂತ್ರಿ ಅರವಿಂದ ಕೇಜ್ರಿವಾಲ್ ಎರಡು ದಿನ ಪ್ರೈಮರಿ ಶಾಲೆಗಳನ್ನು ಮುಚ್ಚುವುದಾಗಿ ಹೇಳುತ್ತಾರೆ. 3ರಂದು ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ 468. ಐವತ್ತರೊಳಗಿದ್ದರೆ ಚೆನ್ನ, ನಾನೂರು ದಾಟಿದರೆ ತೀವ್ರ. ಎರಡು ದಿನ 10ರವರೆಗೆ ಹೋಗುತ್ತದೆ. ಆಮೇಲೆ ಚಳಿಗಾಲದ ರಜೆಯನ್ನೇ ಮುಂಚಿತವಾಗಿ 9ರಿಂದ 18ಕ್ಕೆ ಕೊಟ್ಟುಬಿಡುತ್ತಾರೆ. ಹಣತೆ, ಮಕ್ಕಳ ದಿನದ ಮೇಳ ಎರಡೂ ಅದರಲ್ಲೇ ಮುಳುಗುತ್ತವೆ.

ನವೆಂಬರ್ 6ರ ಮಧ್ಯಾಹ್ನ ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಟಿವಿ ನೋಡುತ್ತಿದ್ದಾಳೆ. ಕಿಟಕಿಗೆ ಒದ್ದೆ ಟವೆಲು. ನದಿಯ ಆಚೆ ದಂಡೆಯ ಕೋಟ್ಲಾ ಮೈದಾನದಲ್ಲಿ ವಿಶ್ವಕಪ್ ಪಂದ್ಯ, ಬಾಂಗ್ಲಾದೇಶ ಮತ್ತು ಶ್ರೀಲಂಕಾ. ಹೊಗೆಗೆ ಹೆದರಿ ಹಿಂದಿನ ದಿನಗಳಲ್ಲಿ ಅಭ್ಯಾಸ ಕೈಬಿಟ್ಟ ತಂಡಗಳೇ ಇಂದು ಆಡುತ್ತಿವೆ. ಹೆಲ್ಮೆಟಿನ ಪಟ್ಟಿ ಕಿತ್ತುಹೋಗಿ ತಡಮಾಡಿದ ಏಂಜೆಲೊ ಮ್ಯಾಥ್ಯೂಸ್‌ಗೆ ಟೈಮ್ಡ್ ಔಟ್. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹಾಗೆ ಔಟಾದ ಮೊದಲಿಗ. ಅವಳಿಗೆ ಆ ನಿಯಮಕ್ಕಿಂತ ಬೇರೆಯ ಅನುಮಾನ: "ಅವರು ಆಡಬಹುದು, ನಾವು ಯಾಕೆ ಆಡಬಾರದು?" ಚಿಕ್ಕವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ ಎಂಬ ಉತ್ತರ ಸರಿಯಾದದ್ದೇ. ಅದನ್ನು ಹೇಳುವಾಗ ನನ್ನ ಮುಖ ನನಗೇ ಪೆಚ್ಚು ಅನ್ನಿಸಿತು. 10ರಂದು ಮಳೆ ಬಿದ್ದು, 12ರ ದೀಪಾವಳಿಯ ದಿನ ಸೂಚ್ಯಂಕ 218ಕ್ಕೆ ಇಳಿಯಿತು. ಎಂಟು ವರ್ಷಗಳಲ್ಲೇ ಒಳ್ಳೆಯ ಗಾಳಿಯ ದೀಪಾವಳಿ. ಮಕ್ಕಳು ಕೆಳಗೆ ಓಡಿದರು. ರಾತ್ರಿಗೆ ಪಟಾಕಿ ಅದನ್ನೂ ತಿಂದಿತು.

20ರಂದು ಶಾಲೆ ತೆರೆಯುತ್ತದೆ, ಒಂದು ಷರತ್ತಿನೊಂದಿಗೆ: ವಾರದ ಮಟ್ಟಿಗೆ ಬೆಳಗಿನ ಅಸೆಂಬ್ಲಿ ಇಲ್ಲ, ಹೊರಾಂಗಣ ಆಟ ಇಲ್ಲ. ಪಿಟಿ ಸರ್ ತರಗತಿಯೊಳಗೆ ಕ್ಯಾರಂ ಹಲಗೆ ತಂದಿಟ್ಟಿದ್ದಾರೆ. ಮೈದಾನದ ಸುಣ್ಣದ ಗೆರೆ ಮಾಸಿದೆ. ಡೈರಿಯಲ್ಲಿ ಹೊಸ ಚೀಟಿ: ಕ್ರೀಡಾಕೂಟ ಮುಂದೂಡಲಾಗಿದೆ. ಜನವರಿಯಲ್ಲಿ ಚಳಿ ಹೆಚ್ಚಾಗಿ ಐದನೇ ತರಗತಿಯವರೆಗಿನ ಮಕ್ಕಳಿಗೆ 12ರವರೆಗೆ ಮತ್ತೆ ರಜೆ.

ದೆಹಲಿಯ ಎಲ್ಲ ಪ್ರೈಮರಿ ಶಾಲೆಗಳಿಗೆ, ಪಾಲಿಕೆಯದಿರಲಿ ಫೀಸಿನದಿರಲಿ, ಒಬ್ಬ ಪೋಷಕನ ವಿನಂತಿ ಇಷ್ಟೇ. ನವೆಂಬರಿನ ಗಾಳಿ ಹೇಗಿರುತ್ತದೆ ಎಂಬುದು ಈಗ ಗುಟ್ಟಲ್ಲ. ಪರೀಕ್ಷೆಯನ್ನು ಬಾಗಿಲು ಹಾಕಿಕೊಂಡು ಯಾವಾಗ ಬೇಕಾದರೂ ಬರೆಸಬಹುದು. ಕ್ರೀಡಾಕೂಟವನ್ನು ಅಕ್ಟೋಬರಿನ ಮೊದಲ ವಾರಕ್ಕೆ ತನ್ನಿ, ಪರೀಕ್ಷೆಯನ್ನು ಅದರ ನಂತರಕ್ಕೆ ಇಡಿ.