ಸ್ಪೀಕರಿನ ಎರಡೂ ತಂತಿ

ಮಹಾರಾಷ್ಟ್ರದ ಗಡಿಯ ಊರು ಡಫಳಾಪುರದಲ್ಲಿ ಅಕ್ಕನ ಮಗ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮನ್ನು ತಾನೇ ಕಟ್ಟುತ್ತಿದ್ದಾನೆ. ಪ್ಲಾಸ್ಟಿಕ್ ಟಿಫಿನ್ ಡಬ್ಬಿಯೊಳಗೆ ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರು, ಹಳೆಯ ಕಂಟ್ರೋಲರಿನ ಗುಂಡಿಗಳು. ಪ್ರತಿ ಗುಂಡಿಯ ಒಂದು ಕಾಲು ಪೈನಲ್ಲಿ ಅದರದೇ ಪಿನ್ನಿಗೆ, ಇನ್ನೊಂದು ಕಾಲು ಎಲ್ಲಕ್ಕೂ ಸೇರಿ ಒಂದೇ ಗ್ರೌಂಡಿಗೆ. ಒತ್ತಿದರೆ ಪಿನ್ನು ಸೊನ್ನೆಗಿಳಿಯುತ್ತದೆ. ಗುಂಡಿಗಳ ಕೆಲಸ ಇಷ್ಟೇ.

ಕಾಡಿದ್ದು ಸದ್ದು. ಪೈ ಝೀರೋಗೆ ಹೆಡ್‌ಫೋನ್ ತೂತೇ ಇಲ್ಲ. ಪಿನ್ನಿನಿಂದ ಬರುವ ಸಂಕೇತವನ್ನು ರೆಸಿಸ್ಟರ್, ಕೆಪಾಸಿಟರುಗಳಲ್ಲಿ ಸೋಸಿ ಪಿಎಎಂ 8403 ಆಂಪ್ಲಿಫೈಯರಿಗೆ ಕೊಡಬೇಕು. ಅಂಚೆ ಚೀಟಿಯಷ್ಟು ಬೋರ್ಡು, 5 ವೋಲ್ಟಿನಲ್ಲಿ ಎರಡು ಸ್ಪೀಕರ್ ನುಡಿಸುತ್ತದೆ. ಹುಡುಗ ಸ್ಪೀಕರುಗಳ ಮೈನಸ್ ತಂತಿಗಳನ್ನು ಗುಂಡಿಗಳ ಗ್ರೌಂಡಿಗೇ ಬೆಸುಗೆ ಹಾಕಿದ್ದ. ಸದ್ದು ಗೊರಗೊರ, ಆಂಪ್ಲಿಫೈಯರಿನ ಚಿಪ್ಪು ಮುಟ್ಟಿದರೆ ಬೆರಳು ಚುರ್ ಎನ್ನುತ್ತಿತ್ತು.

"ಮಾಮಾ, ಮೈನಸ್ ಅಂದ್ರ ಗ್ರೌಂಡ್ ಅಲ್ಲೇನು?"

ಬಹಳ ಕಡೆ ಹೌದು, ಇಲ್ಲಿ ಅಲ್ಲ. ಈ ಚಿಪ್ಪು ಸ್ಪೀಕರಿನ ಎರಡೂ ತಂತಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಏರಿಳಿಸುತ್ತದೆ. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಅಷ್ಟು ಕಡಿಮೆ ವೋಲ್ಟಿನಲ್ಲಿ ಅಷ್ಟು ಬಲ ಬರುವುದು ಅದರಿಂದಲೇ.

ಅವನಿಗೆ ಶಾಲೆಯಲ್ಲಿ ಮರಾಠಿ, ವಿಡಿಯೋಗಳಲ್ಲಿ ಹಿಂದಿ, ಇಂಗ್ಲಿಷು. ಮನೆಮಾತಿನಲ್ಲಿ ಹೇಳಿದ್ದು ಎರಡೇ ನಿಮಿಷದಲ್ಲಿ ತಲೆಗೆ ಹೋಯಿತು. ಗಡಿಯ ಊರುಗಳ ಇಂಥ ಮಕ್ಕಳಿಗಾಗಿ ಬಲ್ಲವರು ಇದನ್ನೆಲ್ಲ ಕನ್ನಡದಲ್ಲಿ ಬರೆಯಿರಿ. ನಿಮ್ಮ ಮನೆಯಲ್ಲೂ ಯಾರಾದರೂ ಕಟ್ಟುತ್ತಿದ್ದರೆ ಇಂದೇ ಹೇಳಿ: ಸ್ಪೀಕರಿನ ಎರಡೂ ತಂತಿ ಆಂಪ್ಲಿಫೈಯರಿಗೇ ಹೋಗಲಿ, ಗ್ರೌಂಡಿಗೆ ತಾಗದಿರಲಿ.